ಹರಳಿನೊಳಗಿನ ವಿಶ್ರಾಂತಿ ಕಾಲ
(ಶತಮಾನೋತ್ಸವದ ವಿಜ್ಞಾನಗೋಷ್ಠಿಯಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣ)



ಕಳೆದ ವರ್ಷ ತಂದೆಯೊಬ್ಬರು ಮಗಳ ವರ್ಗಾವಣೆ ಪತ್ರ ಕೇಳಲು ಬಂದು, "ಕನ್ನಡದಲ್ಲಿ ಕಥೆ ಕಲಿಸಬಹುದಮ್ಮಾ, ದೊಡ್ಡ ವಿಜ್ಞಾನ ಕಲಿಸಲಾದೀತೆ?" ಎಂದರು. ರಾಯದುರ್ಗ, ಮಡಕಶಿರಗಳ ಕನ್ನಡ ಶಾಲೆಯವರಿಗೆ ಈ ಪ್ರಶ್ನೆ ಹೊಸದಲ್ಲ. ನಾವು ಕನ್ನಡ ಎಂ.ಎ. ಓದಿದವರು, ತಕ್ಕ ಉತ್ತರ ಹೊಳೆಯದೆ ಸಹಿ ಹಾಕಿಕೊಟ್ಟೆವು. ಅವರು ಇಂದು ಸಭೆಯಲ್ಲಿದ್ದರೆ, ಇದು ಅವರಿಗೆ ತಡವಾಗಿ ಕೊಡುತ್ತಿರುವ ಉತ್ತರ. ಇಲ್ಲಿಯೇ ಓದಿ ಈಗ ಬೆಂಗಳೂರಿನಲ್ಲಿ ಭೌತವಿಜ್ಞಾನದ ಸಂಶೋಧನೆಯಲ್ಲಿ ತೊಡಗಿರುವ ಹಳೆಯ ವಿದ್ಯಾರ್ಥಿನಿಯೊಬ್ಬರು, ರಜೆಯಲ್ಲಿ ಎರಡು ಸಂಜೆ ಕುಳಿತು ನಮಗೆ ತಿಳಿಸಿಕೊಟ್ಟ ವಿಷಯವಿದು.

ನಾವು ಉಣ್ಣುವ ಬೇಳೆಯ ಪ್ರೋಟೀನು ಅಮೈನೋ ಆಮ್ಲಗಳಿಂದಾದುದು. ಅವುಗಳಲ್ಲೊಂದು ಅಲನೀನ್. ಅದರ ಬಿಳಿಯ ಹರಳಿನ ಮೇಲೆ ಎಕ್ಸ್ ಕಿರಣ ಹಾಯಿಸಿದರೆ ಕೆಲವು ಅಣುಗಳು ಮುರಿದು, ಜೊತೆಯಿಲ್ಲದ ಒಂಟಿ ಎಲೆಕ್ಟ್ರಾನುಗಳು ಉಳಿಯುತ್ತವೆ. ಒಣಗಿದ ಹರಳಿನಲ್ಲಿ ಆ ಗಾಯ ವರ್ಷಗಟ್ಟಲೆ ಮಾಯುವುದಿಲ್ಲ, ಹೇಮಾವತಿಯ ಕಲ್ಲುಗಳಲ್ಲಿ ನೊಳಂಬರ ಕಾಲದ ಕನ್ನಡ ಉಳಿದಿರುವಂತೆ.

ಸ್ಪಿನ್ ಎಂಬ ಗುಣದಿಂದಾಗಿ ಒಂಟಿ ಎಲೆಕ್ಟ್ರಾನು ಒಂದು ಪುಟ್ಟ ಅಯಸ್ಕಾಂತ. ಹರಳನ್ನು ಸುಮಾರು 0.34 ಟೆಸ್ಲಾ ಕಾಂತಕ್ಷೇತ್ರದಲ್ಲಿಟ್ಟು, ಸೆಕೆಂಡಿಗೆ ಸುಮಾರು 950 ಕೋಟಿ ಬಾರಿ ಕಂಪಿಸುವ ಮೈಕ್ರೊವೇವ್ ಹಾಯಿಸಿದರೆ ಸ್ಪಿನ್ ಶಕ್ತಿಯನ್ನು ಹೀರಿ ಮಗುಚುತ್ತದೆ. ಇಂತಹ ಹೀರಿಕೆಯನ್ನು 1944ರಲ್ಲಿ ಕಜಾನಿನಲ್ಲಿ ಜವೊಯಿಸ್ಕಿ ಎಂಬುವರು ಮೊದಲು ಕಂಡರು. ಅಲನೀನಿನಲ್ಲಿ ಆ ಎಲೆಕ್ಟ್ರಾನಿನ ಹತ್ತಿರ ನಾಲ್ಕು ಹೈಡ್ರೊಜನ್ ನ್ಯೂಕ್ಲಿಯಸ್ಸುಗಳಿವೆ. ಪ್ರತಿಯೊಂದೂ ಮೇಲ್ಮುಖ ಇಲ್ಲವೆ ಕೆಳಮುಖ. ಹಾಗಾಗಿ ಸಂಕೇತ ಐದು ಗೆರೆಗಳಾಗಿ ಒಡೆಯುತ್ತದೆ, ಅವುಗಳ ಬಲ 1, 4, 6, 4, 1ರ ಅನುಪಾತದಲ್ಲಿ. ಇದನ್ನು ಕೇಳಿ ನಮಗೆ ನಗು ಬಂದಿತು. ನಾಲ್ಕಕ್ಷರದ ಪಾದದಲ್ಲಿ ಗುರುವಿಲ್ಲದ್ದು ಒಂದು, ಒಂದು ಗುರುವಿರುವುವು ನಾಲ್ಕು, ಎರಡಿರುವುವು ಆರು... ಇದು ನಾವು ಇಷ್ಟು ವರ್ಷ ಛಂದಸ್ಸಿನ ಪಾಠದಲ್ಲಿ ಹಲಗೆಯ ಮೇಲೆ ಬರೆದ ಪ್ರಸ್ತಾರವೇ ಅಲ್ಲವೇ!

ಮಗುಚಿದ ಸ್ಪಿನ್ನುಗಳು ತಾವು ಪಡೆದ ಶಕ್ತಿಯನ್ನು ಸುತ್ತಲಿನ ಹರಳಿಗೆ ಒಪ್ಪಿಸಿ ಮೊದಲಿನ ಸ್ಥಿತಿಗೆ ಮರಳಲು ಹಿಡಿಯುವ ಹೊತ್ತೇ ವಿಶ್ರಾಂತಿ ಕಾಲ. ಊಟದ ಬಿಡುವಿನ ನಂತರ ಏಳನೆಯ ತರಗತಿ ಶಾಂತವಾಗುವ ಹೊತ್ತನ್ನು ನೆನೆಯಿರಿ. ನಮ್ಮಲ್ಲಿ ಅದು ಹತ್ತು ನಿಮಿಷ. ಅಲನೀನಿನಲ್ಲಿ ಸೆಕೆಂಡಿನ ಹತ್ತು ಲಕ್ಷದೊಂದು ಭಾಗಗಳ ಲೆಕ್ಕ. ಹರಳನ್ನು ತಣ್ಣಗೆ ಮಾಡಿದಷ್ಟೂ ಅದು ದೀರ್ಘವಾಗುತ್ತದೆ. ಅಳೆಯುವುದು ಹೇಗೆ? ಬಲವಾದ ಒಂದು ಸ್ಪಂದನ ಕೊಟ್ಟು ಸ್ಪಿನ್ನುಗಳನ್ನು ಕಲಕಿ, ಬಳಿಕ ತೀರ ಕ್ಷೀಣವಾದ ಅಲೆಯಿಂದ ಅವು ಚೇತರಿಸಿಕೊಳ್ಳುವುದನ್ನು ನೋಡುತ್ತಾರೆ. ಇನ್ನೊಂದು ಬಗೆಯಲ್ಲಿ ಮೈಕ್ರೊವೇವ್ ಬಲವನ್ನು ಮೆಲ್ಲಮೆಲ್ಲನೆ ಏರಿಸುತ್ತಾರೆ. ಸಂಕೇತವೂ ಏರುತ್ತದೆ, ಒಂದು ಹಂತದಲ್ಲಿ ಸ್ಪಿನ್ನುಗಳಿಗೆ ಮರಳಲು ಬಿಡುವೇ ಸಿಗದೆ ಸಂಕೇತ ಹಿಂದೆ ಬೀಳುತ್ತದೆ. ಆ ತಿರುವಿನಿಂದ ವಿಶ್ರಾಂತಿ ಕಾಲವನ್ನು ಲೆಕ್ಕ ಹಾಕುತ್ತಾರೆ.

ಇದರಿಂದೇನು ಪ್ರಯೋಜನವೆಂದು ನೀವು ಕೇಳಬಹುದು. ನಮ್ಮ ಗಡಿನಾಡಿನವರು ಕ್ಯಾನ್ಸರ್ ಚಿಕಿತ್ಸೆಗೆ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯ ದಾರಿ ಹಿಡಿಯುವುದನ್ನು ಎಲ್ಲರೂ ಬಲ್ಲೆವು. ವಿಕಿರಣ ಚಿಕಿತ್ಸೆಯಲ್ಲಿ ಪ್ರಮಾಣ ಹೆಚ್ಚಿದರೂ ಕಷ್ಟ, ಕುಗ್ಗಿದರೂ ಕಷ್ಟ. ಚಿಕಿತ್ಸಾ ಯಂತ್ರಗಳ ಪ್ರಮಾಣವನ್ನು ಪರಿಶೀಲಿಸಲು ವಿದೇಶದ ಮಾಪನ ಪ್ರಯೋಗಾಲಯಗಳು ಅಲನೀನ್ ಗುಳಿಗೆಗಳನ್ನು ಬಳಸುತ್ತವೆ; ಸಂಕೇತದ ಎತ್ತರದಿಂದ ಪ್ರಮಾಣ ತಿಳಿಯುತ್ತದೆ. ವಿಶ್ರಾಂತಿ ಕಾಲವನ್ನರಿಯದೆ ಮೈಕ್ರೊವೇವ್ ಬಲ ಏರಿಸಿದರೆ ಆ ಅಳತೆಯೇ ತಪ್ಪುತ್ತದೆ.

ಇದನ್ನೆಲ್ಲ ಒಂಬತ್ತನೆಯ ತರಗತಿಯಲ್ಲಿ ಹೇಳಿದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಎಕ್ಸ್‌ರೇ ತೆಗೆಸಿಕೊಂಡರೆ ನಮ್ಮ ಮೈಯಲ್ಲಿಯೂ ಗುರುತು ಉಳಿಯುತ್ತದೆಯೇ?" ಎಂದಳು. ನಮಗೆ ಗೊತ್ತಿರಲಿಲ್ಲ. ಆ ಸಂಜೆಯೇ ಬೆಂಗಳೂರಿಗೆ ಫೋನ್ ಮಾಡಿದೆವು. ನೀರು ತುಂಬಿದ ಮಾಂಸಖಂಡದಲ್ಲಿ ಒಂಟಿ ಎಲೆಕ್ಟ್ರಾನುಗಳು ಕ್ಷಣದೊಳಗೆ ಜೊತೆ ಸೇರಿ ಮರೆಯಾಗುತ್ತವೆ. ಆದರೆ ಹಲ್ಲಿನ ಎನಾಮಲಿನಲ್ಲಿ ದೀರ್ಘಕಾಲ ಉಳಿಯುತ್ತವೆ, ದೊಡ್ಡ ಪ್ರಮಾಣದ ವಿಕಿರಣಕ್ಕೆ ಒಳಗಾದವರ ಹಲ್ಲಿನಿಂದ ಅದನ್ನು ಅಳೆದಿದ್ದಾರೆ ಎಂಬ ಉತ್ತರ ಬಂದಿತು. ಮರುದಿನ ಅದನ್ನು ಹೇಳಿದಾಗ ಇಡೀ ತರಗತಿ ನಾಲಗೆಯಿಂದ ತಮ್ಮ ತಮ್ಮ ಹಲ್ಲುಗಳನ್ನು ಸವರಿ ನೋಡಿಕೊಂಡಿತು.