ಜಾಕೆಟ್‌ನಿಂದ ಬಿಚ್ಚಿದ ಎರಡು ಪ್ಯಾಚ್

ಭಾನುವಾರ ಮಧ್ಯಾಹ್ನ, ಅದೂ ಮೆಗಾಬ್ಲಾಕ್ ಇರೋ ದಿನ, ಥಾಣೆ, ಐರೋಲಿ, ಖಾರ್‌ಘರ್‌ನಿಂದ ಡೊಂಬಿವಲಿವರೆಗೆ ಬಂದಿದ್ದೀರಿ. ಅದಕ್ಕೇ ಮೊದಲು ಧನ್ಯವಾದ.

ಕ್ಯಾಮೆರಾ ಸ್ವಲ್ಪ ಮೇಜಿನ ಕಡೆ ತಿರುಗಿಸಿ. ಇಲ್ಲಿ ಮೂರು ಬಟ್ಟೆಯ ತುಂಡು ಇವೆ. ಒಂದು ಕೆಂಪು ಚೌಕ, ನಡುವೆ ನೀಲಿ ವೃತ್ತ, ಅದರಲ್ಲಿ ಬಿಳಿಯ ಎರಡು ‘ಎ’. ಥಳಥಳ ಹೊಳೀತಿದೆ. ಇನ್ನೆರಡು ಹಸಿರು ಬಟ್ಟೆ ಮೇಲೆ ಕಪ್ಪು ದಾರ, ಅಷ್ಟೆ. ಒಂದರಲ್ಲಿ ಕುದುರೆಯ ತಲೆ, ಇನ್ನೊಂದರಲ್ಲಿ ನಕ್ಷತ್ರದೊಳಗೆ ಒಬ್ಬ ಬುಡಕಟ್ಟು ನಾಯಕನ ತಲೆ. ದೂರದಿಂದ ನೋಡಿದ್ರೆ ಎಣ್ಣೆ ಬಟ್ಟೆ ಥರ ಕಾಣ್ತವೆ. ಇವುಗಳಲ್ಲಿ ಅಸಲಿ ಯಾವುದು, ನಕಲಿ ಯಾವುದು? ನಾನು ಶುರು ಮಾಡಿದಾಗ ಹೊಳೆಯೋದೇ ಅಸಲಿ ಅಂತ ಸತ್ಯವಾಗಿ ನಂಬಿದ್ದೆ. ಆ ನಂಬಿಕೆಯಿಂದ ಏನು ಕಳ್ಕೊಂಡೆ ಅನ್ನೋದೇ ಇವತ್ತಿನ ಮಾತು.

ಇವು ಅಮೆರಿಕದ ಸೇನೆಯ ಘಟಕಗಳ ಪ್ಯಾಚ್. ಸಮವಸ್ತ್ರದ ತೋಳಿನ ಮೇಲೆ, ಭುಜದ ಕೆಳಗೆ ಹೊಲಿಯೋ ಕಸೂತಿ ಬಿಲ್ಲೆ. 1918ರಲ್ಲಿ ಅವರ 81ನೇ ಡಿವಿಷನ್‌ನವರು ಕಾಡುಬೆಕ್ಕಿನ ಚಿತ್ರ ಹೊಲಿಸಿಕೊಂಡು ಫ್ರಾನ್ಸಿಗೆ ಹೋದರು. ಅಲ್ಲಿಂದ ಈ ಪದ್ಧತಿ ಬೆಳೀತು. ಕುದುರೆ ತಲೆಯದ್ದು 1ನೇ ಕ್ಯಾವಲ್ರಿ ಡಿವಿಷನ್. ಅದರ ವಿನ್ಯಾಸ ಮಾಡಿದ್ದು 1921ರಲ್ಲಿ, ಕರ್ನಲ್ ಬೆನ್ ಡಾರ್ಸಿ ಮತ್ತು ಅವರ ಹೆಂಡತಿ. ಮೂಲದಲ್ಲಿ ಹಳದಿ ಬಣ್ಣ, ಕಪ್ಪು ಅಡ್ಡಪಟ್ಟಿ. ನಕ್ಷತ್ರದ್ದು 2ನೇ ಇನ್‌ಫೆಂಟ್ರಿ ಡಿವಿಷನ್, 1965ರಿಂದ ದಕ್ಷಿಣ ಕೊರಿಯಾದಲ್ಲಿ ಇರೋ ಪಡೆ.

ಹಾಗಾದ್ರೆ ಹಳದಿ ಯಾಕೆ ಹಸಿರಾಯ್ತು? ವಿಯೆಟ್ನಾಂನ ಕಾಡಿನಲ್ಲಿ ತೋಳಿನ ಮೇಲೆ ಹಳದಿ ಬಿಲ್ಲೆ ಅಂದ್ರೆ ‘ಇಲ್ಲಿಗೆ ಗುಂಡು ಹೊಡಿ’ ಅಂತ ಬೋರ್ಡ್ ಹಾಕ್ಕೊಂಡ ಹಾಗೆ. ಅದಕ್ಕೇ 1960ರ ದಶಕದ ಕೊನೆಯ ಹೊತ್ತಿಗೆ ಯುದ್ಧದ ಬಟ್ಟೆಗಳ ಮೇಲೆ ಹಸಿರು-ಕಪ್ಪಿನ ಮಂಕು ಪ್ಯಾಚ್ ಬಂತು. ಮಂಕಾಗಿರೋದೇ ಅದರ ಕೆಲಸ. ಇದು ನನಗೆ ಆಗ ಗೊತ್ತಿರಲಿಲ್ಲ.

ಇನ್ನೊಂದು ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ. ಅಮೆರಿಕದ ಸೈನಿಕ ಎಡತೋಳಿನಲ್ಲಿ ಹಾಕೋದು ಈಗ ಇರೋ ಘಟಕದ ಪ್ಯಾಚ್. ವರ್ಗ ಆದ ಹಾಗೆಲ್ಲ ಅದು ಬದಲಾಗುತ್ತೆ, ನಮ್ಮ ಕಂಪನಿ ಐಡಿ ಕಾರ್ಡ್ ಥರ. ಬಲತೋಳಿನದು ಹಾಗಲ್ಲ. ಯಾವ ಘಟಕದ ಜೊತೆ ಯುದ್ಧ ಕಂಡನೋ ಅದರ ಪ್ಯಾಚ್ ಅಲ್ಲಿ. ಎಲ್ಲಿಗೆ ವರ್ಗ ಆದ್ರೂ ಅದನ್ನ ಬಿಚ್ಚಿಸೋ ಹಾಗಿಲ್ಲ. ಹಾಗಾಗಿ ಎರಡೂ ತೋಳು ಒಟ್ಟಿಗೆ ಇದ್ರೆ ಒಬ್ಬ ಮನುಷ್ಯನ ಚರಿತ್ರೆ ಓದಬಹುದು.

ನನಗೆ ಈ ಹುಚ್ಚು ಹತ್ತಿದ್ದು ಉಲ್ಲಾಸನಗರದಲ್ಲಿ. ಕಲ್ಯಾಣ್ ದಾಟಿ ಕರ್ಜತ್ ಕಡೆ ಹೋಗೋ ಲೋಕಲ್‌ನಲ್ಲಿ ವಿಠ್ಠಲವಾಡಿ ಆದಮೇಲಿನ ಸ್ಟೇಷನ್. ಜೀನ್ಸ್ ತಗೊಳ್ಳೋಕೆ ನಮ್ಮಲ್ಲಿ ಅರ್ಧ ಜನ ಹೋಗಿರ್ತೀರಿ. ರಿಕ್ಷಾದವರು ಇಂದಿಗೂ ‘ಕ್ಯಾಂಪ್ ನಂಬರ್ ಎಷ್ಟು’ ಅಂತ ಕೇಳ್ತಾರಲ್ಲ, ಯಾಕೆ? ಅದು ನಿಜವಾಗಿ ಸೈನ್ಯದ ಕ್ಯಾಂಪ್ ಆಗಿತ್ತು. ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷರು ಸೈನಿಕರಿಗಾಗಿ ಕಟ್ಟಿದ ಕಲ್ಯಾಣ್ ಕ್ಯಾಂಪ್. ದೇಶ ವಿಭಜನೆ ಆದಮೇಲೆ ಸಿಂಧ್‌ನಿಂದ ಬಂದ ನಿರಾಶ್ರಿತರನ್ನು ಅದೇ ಬ್ಯಾರಕ್‌ಗಳಲ್ಲಿ ಇಟ್ಟರು. 1949ರಲ್ಲಿ ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿ ಬಂದು ಅಡಿಗಲ್ಲು ಇಟ್ಟರು, ಉಲ್ಲಾಸನಗರ ಅಂತ ಹೆಸರಾಯ್ತು. ಬರಿಗೈಲಿ ಬಂದವರು ಅಲ್ಲಿ ಕಾರ್ಖಾನೆ ಕಟ್ಟಿದರು. ‘ಮೇಡ್ ಇನ್ ಯುಎಸ್ಎ’ ಅಂದ್ರೆ ‘ಉಲ್ಲಾಸನಗರ್ ಸಿಂಧಿ ಅಸೋಸಿಯೇಷನ್’ ಅನ್ನೋ ಹಳೇ ಜೋಕ್ ನಿಮಗೆ ಗೊತ್ತೇ ಇದೆ.

ಆ ಎರಡು ‘ಎ’ ಪ್ಯಾಚ್ ಅಲ್ಲೇ ಒಂದು ಅಂಗಡಿಯಲ್ಲಿ ₹60ಕ್ಕೆ ತಗೊಂಡೆ. 82ನೇ ಏರ್‌ಬೋರ್ನ್ ಡಿವಿಷನ್, ಅವರ ಅಡ್ಡಹೆಸರು ‘ಆಲ್ ಅಮೆರಿಕನ್’, ಅದಕ್ಕೇ ಎರಡು ‘ಎ’. ಮನೆಗೆ ತಂದು ವಾರಗಟ್ಟಲೆ ನೋಡಿದೆ. ಆಮೇಲೆ ಅನುಮಾನ ಬಂದು ವಾಪಸ್ ಹೋಗಿ ಕೇಳಿದ್ರೆ ಅಂಗಡಿಯವರು ನಕ್ಕರು. ‘ಅಸಲಿ ಅಂತ ನಾನು ಯಾವಾಗ ಹೇಳಿದೆ ಸಾಹೇಬ್? ಜಾಕೆಟ್‌ಗೆ ಹೊಲಿಯೋಕೆ ಮಾಡಿದ್ದು’ ಅಂದರು. ಒಳಗೆ ಕರ್ಕೊಂಡು ಹೋಗಿ ಕಂಪ್ಯೂಟರ್ ಎಂಬ್ರಾಯ್ಡರಿ ಮಷೀನ್ ತೋರಿಸಿದರು. ಚಿತ್ರವನ್ನು ಹೊಲಿಗೆಯ ಫೈಲ್ ಮಾಡೋದಕ್ಕೆ ಅವರು ‘ಪಂಚಿಂಗ್’ ಅಂತಾರೆ. ಒಂದೊಂದು ಹೊಲಿಗೆ ಎಲ್ಲಿಂದ ಎಲ್ಲಿಗೆ ಅಂತ ಫೈಲ್‌ನಲ್ಲಿ ಇರುತ್ತೆ, ಮಷೀನ್ ಅದನ್ನ ಓದಿ ಹೊಲಿಯುತ್ತೆ. ನಮ್ಮದೇ ಥರದ ಕೆಲಸ. ಅಲ್ಲಿ ಬಗ್ ಬಂದ್ರೆ ದಾರ ಹರಿಯುತ್ತೆ, ಅಷ್ಟೇ ವ್ಯತ್ಯಾಸ.

ಅಸಲಿ-ನಕಲಿ ಗುರುತಿಸೋದು ಹೇಗೆ ಅಂತ ಎಲ್ಲರೂ ಕೇಳ್ತೀರಿ, ಹೇಳಿಬಿಡ್ತೀನಿ. ಮೊದಲು ಹಿಂಭಾಗ ನೋಡಿ. ಇಸ್ತ್ರಿ ಹಾಕಿ ಅಂಟಿಸೋ ಪ್ಲಾಸ್ಟಿಕ್ ಪದರ ಇದ್ರೆ ಅದು ಇತ್ತೀಚಿನ ಅಂಗಡಿ ಮಾಲು ಅಂತ ಇಟ್ಟುಕೊಳ್ಳಿ. ಎರಡನೇದು ಅಂಚು. ಹಳೇ ಪ್ಯಾಚ್‌ಗಳನ್ನು ಕಸೂತಿಯ ಅಂಚಿಗೇ ಕತ್ತರಿಸಿರ್ತಾರೆ. ದಾರ ಸುತ್ತಿದ ದಪ್ಪ ಅಂಚು, ಇದಕ್ಕೆ ಮೆರೋ ಮಷೀನ್ ಹೆಸರಲ್ಲಿ ‘ಮೆರೋಡ್’ ಅಂತಾರೆ, ಎಲ್ಲೆಡೆ ಬಂದಿದ್ದು 1960ರ ದಶಕದ ಕೊನೆಯ ಹೊತ್ತಿಗೆ. ಎರಡನೇ ಮಹಾಯುದ್ಧದ್ದು ಅಂತ ಮಾರೋ ಪ್ಯಾಚ್‌ಗೆ ಅಂಥ ಅಂಚಿದ್ರೆ ಕೈ ಹಿಂದಕ್ಕೆ ತಗೊಳ್ಳಿ. ಮೂರನೇದು ನೇರಳೆ ಟಾರ್ಚ್, ನೋಟು ಪರೀಕ್ಷೆ ಮಾಡೋದು. ಹಳೇ ಹತ್ತಿ ದಾರ ಸಾಮಾನ್ಯವಾಗಿ ಸುಮ್ಮನಿರುತ್ತೆ, ಹೊಸ ಪಾಲಿಯೆಸ್ಟರ್ ದಾರ ಹೊಳೆಯುತ್ತೆ. ಇದೊಂದನ್ನೇ ನಂಬಬೇಡಿ, ಹೊಸ ಸೋಪಿನಲ್ಲಿ ಒಗೆದ್ರೂ ಹೊಳೆಯಬಹುದು. ನಾಲ್ಕನೇದು, ಹೊಲಿದು ಬಿಚ್ಚಿದ ಸಣ್ಣ ತೂತುಗಳು. ಮುಂಭಾಗ ಬಿಸಿಲಿಗೆ ಮಾಸಿ, ಹಿಂಭಾಗದಲ್ಲಿ ಬಣ್ಣ ಉಳಿದಿದ್ರೆ ಅದು ಯಾರೋ ತೊಟ್ಟ ಬಟ್ಟೆ. ಟೀ ನೀರಲ್ಲಿ ಅದ್ದಿ ಹಳತು ಮಾಡಿದ್ರೆ ಎರಡೂ ಕಡೆ ಒಂದೇ ಸಮ ಕಂದು ಬಣ್ಣ ಬಂದಿರುತ್ತೆ.

ಇಲ್ಲಿ ಒಂದು ತಪ್ಪು ತಿಳುವಳಿಕೆ ಇದೆ. ಅಮೆರಿಕದಲ್ಲಿ ಆಗಿದ್ರೆ ಅಸಲಿ, ನಮ್ಮಲ್ಲಿ ಹೊಲಿದ್ರೆ ನಕಲಿ ಅಂತ. ಹಾಗೇನಿಲ್ಲ. ಯುದ್ಧ ಮುಗಿದ ಮೇಲೆ ಜಪಾನ್‌ನಲ್ಲಿದ್ದ ಅಮೆರಿಕನ್ ಸೈನಿಕರು ಅಲ್ಲಿನ ದರ್ಜಿಗಳ ಹತ್ರ ಪ್ಯಾಚ್ ಮಾಡಿಸಿಕೊಂಡರು. ವಿಯೆಟ್ನಾಂನಲ್ಲೂ ಹಾಗೇ. ಅದಕ್ಕೂ ಮುಂಚೆ ನಮ್ಮ ದೇಶದಲ್ಲೇ ಆಗಿದೆ. 1942ರಲ್ಲಿ ಚೀನಾ-ಬರ್ಮಾ-ಇಂಡಿಯಾ ಅಂತ ಅವರದೊಂದು ಯುದ್ಧ ವಲಯ ಇತ್ತು, ಚಿಕ್ಕದಾಗಿ ಸಿಬಿಐ. ಅದರ ಪ್ಯಾಚ್‌ನಲ್ಲಿ ಕೆಂಪು-ಬಿಳಿ ಪಟ್ಟೆ, ಮೇಲೆ ಚೀನಾದ ಸೂರ್ಯ, ಭಾರತದ ನಕ್ಷತ್ರ. ಇದನ್ನ ನಮ್ಮ ಕುಶಲಕರ್ಮಿಗಳು ಜರಿ ದಾರದಲ್ಲಿ, ಚರ್ಮದ ಮೇಲೆ ಮಾಡಿಕೊಟ್ಟರು. ಇವತ್ತು ಸಂಗ್ರಾಹಕರು ಹುಡುಕೋದು ಅದನ್ನೇ. ನಮ್ಮ ಬೆಂಗಳೂರಿನ ಎಚ್ಎಎಲ್ ಇದೆಯಲ್ಲ, 1943ರಲ್ಲಿ ಅದನ್ನ ಅಮೆರಿಕದ ವಾಯುಪಡೆಗೆ ವಹಿಸಿ, 84ನೇ ಏರ್ ಡಿಪೋ ಅಂತ ವಿಮಾನ ರಿಪೇರಿ ಮಾಡ್ತಿದ್ರು. ಹಾಗಾಗಿ ಎಲ್ಲಿ ಹೊಲಿದರು ಅನ್ನೋದಕ್ಕಿಂತ ಯಾರು ತೊಡೋಕೆ ಹೊಲಿದರು ಅನ್ನೋದೇ ದೊಡ್ಡ ಪ್ರಶ್ನೆ.

ಈಗ ನನ್ನ ಕಥೆಗೆ ಬರ್ತೀನಿ.

ಅದೇ ಮಾರ್ಕೆಟ್ ಹತ್ರ ಹಳೇ ಬಟ್ಟೆ ರಾಶಿ ಹಾಕಿ ಮಾರ್ತಿದ್ದ ಕಡೆ ಒಂದು ಹಸಿರು ಫೀಲ್ಡ್ ಜಾಕೆಟ್ ಸಿಕ್ತು. ಎಂ-65 ಅಂತಾರೆ. ₹250. ಕಾಲರ್ ಒಳಗಿನ ಲೇಬಲ್‌ನಲ್ಲಿ ‘ಡಿಎಸ್ಎ 100-71-ಸಿ’ ಅಂತ ಶುರುವಾಗೋ ನಂಬರ್. ನಡುವಿನ 71 ಅಂದ್ರೆ 1971ರ ಗುತ್ತಿಗೆ ಅಂತ ಈಗ ಗೊತ್ತು. ಆಗ ನಾನು ಲೇಬಲ್ ಕಡೆ ಸರಿಯಾಗಿ ನೋಡಲೂ ಇಲ್ಲ, ಸುಮ್ಮನೆ ಮೊಬೈಲ್‌ನಲ್ಲಿ ಒಂದು ಫೋಟೋ ತೆಗೆದೆ. ಎಡತೋಳಿನಲ್ಲಿ ನಕ್ಷತ್ರ, ಬಲತೋಳಿನಲ್ಲಿ ಕುದುರೆ. ಎದೆಯ ಎಡಗಡೆ ‘ಯುಎಸ್ ಆರ್ಮಿ’, ಬಲಗಡೆ ಹೆಸರಿನ ಪಟ್ಟಿ.

ಬಾಡಿಗೆ ಮನೆ, ಒಂದೇ ಬೀರು. ಇಷ್ಟು ದೊಡ್ಡ ಜಾಕೆಟ್ ಎಲ್ಲಿಡೋದು? ಬ್ಲೇಡ್ ತಗೊಂಡು ಎರಡೂ ಪ್ಯಾಚ್ ಬಿಚ್ಚಿದೆ. ಮಂಕಾಗಿವೆ, ಅಂಥ ಬೆಲೆಯದೇನಲ್ಲ, ಇರ್ಲಿ ಅಂತ ಒಂದು ಕವರ್‌ಗೆ ಹಾಕಿದೆ. ಜಾಕೆಟ್ಟನ್ನ ನಮ್ಮ ಬಿಲ್ಡಿಂಗ್‌ನ ವಾಚ್‌ಮನ್ ಮಾಮಾಗೆ ಕೊಟ್ಟೆ. ರಾತ್ರಿ ಡ್ಯೂಟಿ, ಮಳೆಗಾಲ, ಅವರಿಗೆ ತುಂಬಾ ಖುಷಿಯಾಯ್ತು. ಕೊಟ್ಟಿದ್ದಕ್ಕೆ ಇವತ್ತಿಗೂ ಬೇಜಾರಿಲ್ಲ. ಬಿಚ್ಚಿದ್ದಕ್ಕೆ, ಬರೆದಿಡದೇ ಇದ್ದದ್ದಕ್ಕೆ ಬೇಜಾರು.

ಎರಡು ವರ್ಷ ಓದಿ, ಕೇಳಿ, ಬುದ್ಧಿ ಬಂದ ಮೇಲೆ ಆ ಕವರ್ ತೆಗೆದು ನೋಡಿದೆ. ಮೈ ಜುಂ ಅಂತು. ಇವು ಎರಡು ಬಿಡಿ ಪ್ಯಾಚ್ ಆಗಿರಲಿಲ್ಲ. 1ನೇ ಕ್ಯಾವಲ್ರಿ ಜೊತೆ ಯುದ್ಧ ಕಂಡು, ಆಮೇಲೆ 2ನೇ ಡಿವಿಷನ್‌ನಲ್ಲಿ ಇದ್ದ ಒಬ್ಬ ಮನುಷ್ಯ. ಜಾಕೆಟ್ 1971ರ ಗುತ್ತಿಗೆಯದು, ಅಂದ್ರೆ ಕೊರಿಯಾದ ಚಳಿಯಲ್ಲಿ ತೊಟ್ಟಿರಬೇಕು. ಆದ್ರೆ ಯಾವ ಯುದ್ಧ? 1ನೇ ಕ್ಯಾವಲ್ರಿ 1950-51ರಲ್ಲಿ ಕೊರಿಯಾದಲ್ಲಿ ಹೋರಾಡಿದೆ, 1965ರಿಂದ ವಿಯೆಟ್ನಾಂನಲ್ಲೂ ಹೋರಾಡಿದೆ. ಮೊದಲನೆಯದಾದ್ರೆ ಆತ ನಲವತ್ತರ ಹತ್ತಿರದ ಹಳೇ ಸಾರ್ಜೆಂಟ್, ತಾನು ಹುಡುಗನಾಗಿದ್ದಾಗ ಯುದ್ಧ ಮಾಡಿದ ನೆಲಕ್ಕೇ ಮತ್ತೆ ಹೋದವನು. ಎರಡನೆಯದಾದ್ರೆ ಇಪ್ಪತ್ತೆರಡರ ಹುಡುಗ. ಇಬ್ಬರೂ ಬೇರೆ ಬೇರೆ ಮನುಷ್ಯರು. ತೀರ್ಮಾನ ಮಾಡೋದಕ್ಕೆ ಇದ್ದದ್ದು ಒಂದೇ, ಎದೆ ಮೇಲಿನ ಆ ಹೆಸರು.

ಓಡಿ ಹೋಗಿ ಮಾಮಾನ್ನ ಕೇಳಿದೆ. ಜಾಕೆಟ್ ಇದೆ, ಆದ್ರೆ ಪಟ್ಟಿ ಇಲ್ಲ ಅಂದರು. ಅವರ ಹೆಂಡತಿ ಅದನ್ನ ಮೊದಲ ವಾರದಲ್ಲೇ ಬಿಚ್ಚಿ ಎಸೆದಿದ್ದರು. ಯಾಕೆ ಮಾವಶಿ ಅಂತ ಕೇಳಿದ್ದಕ್ಕೆ ಅವರು ಹೇಳಿದ್ದು: ‘ನನ್ನ ಗಂಡನ ಎದೆ ಮೇಲೆ ಬೇರೆಯವನ ಹೆಸರು ಯಾಕೆ ಇರಬೇಕು?’ ನಾನು ಏನು ಹೇಳಲಿ? ಅವರು ಹೇಳಿದ್ದು ಸರಿ. ನನಗಿಂತ ಜಾಸ್ತಿ ಅವರಿಗೆ ಆ ಪಟ್ಟಿಯ ಬೆಲೆ ಗೊತ್ತಿತ್ತು. ನನ್ನ ಫೋಟೋದಲ್ಲಿ ಇದ್ದದ್ದು ಬರೀ ಲೇಬಲ್.

ನೀವು ಕೇಳಬಹುದು, ಅಮೆರಿಕದಂಥ ದೇಶದಲ್ಲಿ ದಾಖಲೆ ಇರುತ್ತಲ್ಲ, ನಿಮ್ಮ ಬಟ್ಟೆ ತುಂಡು ಯಾರಿಗೆ ಬೇಕು ಅಂತ. ನಾನೂ ಹಾಗೇ ಅಂದ್ಕೊಂಡಿದ್ದೆ. 1973ರ ಜುಲೈ 12ರಂದು ಸೇಂಟ್ ಲೂಯಿಸ್‌ನ ಸೇನಾ ದಾಖಲೆ ಕೇಂದ್ರಕ್ಕೆ ಬೆಂಕಿ ಬಿತ್ತು. ಒಂದೂವರೆ ಕೋಟಿಗೂ ಹೆಚ್ಚು ಕಡತ ಸುಟ್ಟವು. 1912ರಿಂದ 1960ರೊಳಗೆ ಭೂಸೇನೆ ಬಿಟ್ಟವರ ಕಡತಗಳಲ್ಲಿ ಸುಮಾರು ಶೇ. 80 ಹೋದವು. ನಕಲು ಪ್ರತಿ ಇರಲಿಲ್ಲ, ಮೈಕ್ರೋಫಿಲ್ಮ್ ಇರಲಿಲ್ಲ. ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ ಬ್ಯಾಕಪ್ ಇಲ್ಲದ ಡೇಟಾಬೇಸ್. ಆಮೇಲೆ ಎಷ್ಟೋ ಜನ ತಮ್ಮ ಸೇವೆಯನ್ನು ರುಜುವಾತು ಮಾಡಬೇಕಾದ್ರೆ ಮನೇಲಿದ್ದ ಕಾಗದ, ಪತ್ರ, ಫೋಟೋಗಳನ್ನ ಹುಡುಕಬೇಕಾಯ್ತು.

ಅವರ ಮಾತು ಬಿಡಿ, ನಮ್ಮ ಮನೆಗಳಿಗೆ ಬನ್ನಿ. ಕೊರಿಯಾ ಅಂದಾಗ ನಮಗೂ ಸಂಬಂಧ ಇದೆ. 1953ರಲ್ಲಿ ಕದನ ನಿಂತ ಮೇಲೆ ಊರಿಗೆ ಮರಳೋಕೆ ಒಪ್ಪದ ಯುದ್ಧಕೈದಿಗಳ ವಿಷಯ ನೋಡಿಕೊಂಡ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅಧ್ಯಕ್ಷರಾಗಿದ್ದವರು ಕೊಡಗಿನ ಜನರಲ್ ತಿಮ್ಮಯ್ಯ. ಆ ಕೈದಿಗಳನ್ನು ಕಾಯೋಕೆ ಭಾರತದಿಂದಲೇ ಪಡೆ ಹೋಗಿತ್ತು. ಬೆಂಗಳೂರಿನಲ್ಲಿ ಮದ್ರಾಸ್ ಸ್ಯಾಪರ್ಸ್ ಕೇಂದ್ರ ಇದೆ, ಬೆಳಗಾವಿಯಲ್ಲಿ ಮರಾಠಾ ಲೈಟ್ ಇನ್‌ಫೆಂಟ್ರಿ ಕೇಂದ್ರ ಇದೆ. ಇಲ್ಲಿ ಕೂತಿರೋ ಇಷ್ಟು ಜನರಲ್ಲಿ ಒಬ್ಬರ ಅಜ್ಜನೋ ದೊಡ್ಡಪ್ಪನೋ ಸೈನ್ಯದಲ್ಲಿ ಇದ್ದೇ ಇರ್ತಾರೆ. ಊರಿನ ಟ್ರಂಕ್‌ನಲ್ಲಿ, ನುಸಿಗುಳಿಗೆ ವಾಸನೆಯ ಬಟ್ಟೆ ನಡುವೆ ಒಂದು ಬಿಲ್ಲೆಯೋ ಬೆಲ್ಟೋ ಇರುತ್ತೆ. ನಾವು ವರ್ಷಕ್ಕೆ ಎರಡು ಸಲ ಹೋಗ್ತೀವಿ, ಗಣಪತಿ ಹಬ್ಬಕ್ಕೆ, ಬೇಸಿಗೆ ರಜಕ್ಕೆ. ಟ್ರಂಕ್ ತೆಗೆಯಲ್ಲ. ಮನೆ ಮಾರೋ ದಿನ ಗುಜರಿಯವನು ತೆಗೀತಾನೆ.

ಹಾಗಾಗಿ ನಾನು ಕೇಳ್ಕೊಳ್ಳೋದು ಇಷ್ಟೆ. ಈ ಸಲ ಊರಿಗೆ ಹೋದಾಗ ಟ್ರಂಕ್ ತೆಗೆಸಿ. ಏನನ್ನೂ ಬಿಚ್ಚಬೇಡಿ, ಒಗೆಯಬೇಡಿ. ಇದ್ದ ಹಾಗೇ ಹಿಂದೆ-ಮುಂದೆ ಫೋಟೋ ತೆಗೆಯಿರಿ. ಮನೆಯ ಹಿರಿಯರ ಹತ್ರ ಕೂತು ಇದು ಯಾರದು, ಯಾವ ಊರಲ್ಲಿದ್ದಾಗ ತೊಟ್ಟಿದ್ದು, ನಮ್ಮ ಮನೆಗೆ ಹೇಗೆ ಬಂತು ಅಂತ ಕೇಳಿ. ಪೆನ್ಸಿಲ್‌ನಲ್ಲಿ ಕಾಗದದ ಮೇಲೆ ಬರೆದು, ಆ ವಸ್ತುವಿನ ಜೊತೆಗೇ ಇಡಿ. ಫೋನಿನಲ್ಲಿ ಮಾತ್ರ ಇಟ್ಟರೆ ಫೋನ್ ಬದಲಾದಾಗ ಅದೂ ಹೋಗುತ್ತೆ.

ಈ ಎರಡು ಪ್ಯಾಚ್ ಕೊಡ್ತೀರಾ ಅಂತ ಒಬ್ಬರು ಒಳ್ಳೇ ಬೆಲೆಗೆ ಕೇಳಿದ್ರು, ಬೇರೆ ಬೇರೆಯಾಗಿ. ಕೊಡಲಿಲ್ಲ. ಇವುಗಳ ಜೊತೆ ನಾನೊಂದು ಚೀಟಿ ಇಟ್ಟಿದ್ದೀನಿ, ಅದನ್ನ ಓದಿ ಮುಗಿಸ್ತೀನಿ:

‘ಎರಡೂ ಒಂದೇ ಜಾಕೆಟ್‌ನವು. ನಕ್ಷತ್ರ ಎಡತೋಳು, ಕುದುರೆ ಬಲತೋಳು. ಬೇರೆ ಮಾಡಬೇಡಿ. ಉಲ್ಲಾಸನಗರದಲ್ಲಿ ಕೊಂಡಿದ್ದು, ₹250. ಲೇಬಲ್ 1971ರ ಗುತ್ತಿಗೆ. ಜಾಕೆಟ್ ಮೇಲೆ ಹೆಸರು ಇತ್ತು. ನಾನು ಬರೆದುಕೊಳ್ಳಲಿಲ್ಲ.’

ಪ್ರಶ್ನೆ ಇದ್ರೆ ಕೇಳಿ. ಟಾರ್ಚ್ ಇಲ್ಲೇ ಇದೆ, ಪ್ಯಾಚ್ ತಂದಿರೋರು ಮೇಜಿನ ಹತ್ರ ಬನ್ನಿ.