ತಾಯಿ ತೋಟದಲ್ಲಿದ್ದಾಗ ಮಗುವಿನ ಬಳಿ ಯಾರು?

(ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ಕಾಫಿ ಕೊಯ್ಲು ಶುರುವಾದರೆ ನನ್ನ ಹಾಜರಿ ಪುಸ್ತಕದಲ್ಲಿ ಕೆಲವು ಹೆಣ್ಣುಮಕ್ಕಳ ಹೆಸರಿನ ಮುಂದೆ ಗೈರುಹಾಜರಿ ಹೆಚ್ಚುತ್ತದೆ. ಐದನೇ ತರಗತಿಯ ಒಬ್ಬಳನ್ನು ಕಾರಣ ಕೇಳಿದೆ. "ಅಮ್ಮ ತೋಟಕ್ಕೆ ಹೋದ್ರೆ ತಮ್ಮನ್ನ ಯಾರು ನೋಡ್ಕೋತಾರೆ ಟೀಚರ್?" ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ.

ಕಾನೂನಿನಲ್ಲಿ ಉತ್ತರವಿದೆ. 50 ಅಥವಾ ಹೆಚ್ಚು ಮಹಿಳಾ ಕಾರ್ಮಿಕರಿರುವ ತೋಟದಲ್ಲಿ ಶಿಶುಪಾಲನಾ ಕೊಠಡಿ ಇರಬೇಕು, ಅದು ತರಬೇತಿ ಪಡೆದ ಮಹಿಳೆಯ ಉಸ್ತುವಾರಿಯಲ್ಲಿರಬೇಕು ಎಂದು 1951ರ ತೋಟ ಕಾರ್ಮಿಕರ ಕಾಯ್ದೆ ಹೇಳಿತ್ತು. ಆ ಕಾಯ್ದೆಯ ಬದಲಿಗೆ 2025ರ ನವೆಂಬರ್‌ನಲ್ಲಿ ಹೊಸ ಕಾರ್ಮಿಕ ಸಂಹಿತೆ ಜಾರಿಗೆ ಬಂದಿತು. ಅದರಲ್ಲಿಯೂ ಶಿಶುಪಾಲನೆಯ ಹೊಣೆ ಉಳಿದಿದೆ. ರಾಜ್ಯ ಸರ್ಕಾರವೂ 2023ರಲ್ಲಿ ಗ್ರಾಮ ಪಂಚಾಯಿತಿಗಳಿಗಾಗಿ 'ಕೂಸಿನ ಮನೆ' ಯೋಜನೆಯನ್ನು ಪ್ರಕಟಿಸಿತು.

ಆದರೆ ಕೊಠಡಿಯೊಂದೇ ಸಾಲದು. ಕೊಯ್ಲಿನ ಹೆಂಗಸರು ಬೆಳಿಗ್ಗೆಯೇ ಹೊರಡುತ್ತಾರೆ. ಸಂಜೆ ಹಣ್ಣು ತೂಕವಾದ ಮೇಲೆಯೇ ಲೈನ್ ಮನೆಗೆ ಮರಳುತ್ತಾರೆ. ಕೇಂದ್ರ ತಾಯಿಯ ಸಮಯಕ್ಕೆ ಹೊಂದಿಕೊಳ್ಳಬೇಕು ಎನ್ನುವುದು ಸರಿಯೇ. ಹಾಗಾದರೆ ಆ ಹೊತ್ತೆಲ್ಲ ನೋಡಿಕೊಳ್ಳುವವರು ಎಷ್ಟು ಜನ?

ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯದ 2018ರ ಮಾರ್ಗಸೂಚಿಯಂತೆ 3 ವರ್ಷದೊಳಗಿನ 10 ಮಕ್ಕಳಿಗೆ ಒಬ್ಬ ಕಾರ್ಯಕರ್ತೆ, ಅದಕ್ಕಿಂತ ದೊಡ್ಡವರಾದರೆ 20 ಮಕ್ಕಳಿಗೆ ಒಬ್ಬರು, ಜೊತೆಗೆ ಸಹಾಯಕಿ. 10 ಕೂಸುಗಳೂ 15 ದೊಡ್ಡ ಮಕ್ಕಳೂ ಇದ್ದರೆ ಇಬ್ಬರು ಕಾರ್ಯಕರ್ತೆಯರು ಬೇಕು. ಬೆಳಿಗ್ಗೆ 7ರಿಂದ ಸಂಜೆ 6ರವರೆಗೆ ತೆರೆದರೆ 11 ಗಂಟೆಯಾಯಿತು. ಅಷ್ಟು ಹೊತ್ತು ಅದೇ ಇಬ್ಬರಿಂದ ಸಾಧ್ಯವೇ? ಒಬ್ಬಾಕೆ ಊಟಕ್ಕೆ ಹೋದಾಗ, ಜ್ವರದಿಂದ ಮಲಗಿದಾಗ ಲೆಕ್ಕ ತಪ್ಪುತ್ತದೆ. ಆಗ ಮತ್ತೆ ಕರೆ ಬರುವುದು ಶಾಲೆಯಲ್ಲಿರುವ ಅಕ್ಕನಿಗೇ!

ಆದ್ದರಿಂದ ಸಮಯ ಹೆಚ್ಚಿಸಿದರೆ ಸಿಬ್ಬಂದಿಯೂ ಹೆಚ್ಚಬೇಕು. ಲೆಕ್ಕವನ್ನು ದಾಖಲಾತಿ ಪುಸ್ತಕ ನೋಡಿ ಹಾಕಬಾರದು; ಆಯಾ ಗಂಟೆಯಲ್ಲಿ ಎಷ್ಟು ಮಕ್ಕಳಿದ್ದಾರೆ ಎಂದು ನೋಡಿ ಹಾಕಬೇಕು. ಸರದಿ ಬದಲಾಗುವಾಗ ಹೊಸಬರು ಬರುವವರೆಗೆ ಹಳಬರು ಹೊರಡಬಾರದು. ಒಂದೇ ಮಗು ಉಳಿದಿದ್ದರೂ ಇಬ್ಬರು ದೊಡ್ಡವರಿರಲಿ.

ಸಣ್ಣ ತೋಟಗಳ ಮಾಲೀಕರಿಗೆ ಇದು ಹೊರೆಯೇ. ಅಕ್ಕಪಕ್ಕದ ನಾಲ್ಕು ತೋಟದವರು ಸೇರಿ ಒಂದು ಕೇಂದ್ರ ನಡೆಸಬಹುದಲ್ಲವೇ? ಪಿಯುಸಿ ಮುಗಿಸಿ ಮನೆಯಲ್ಲಿರುವ ನಮ್ಮ ಹೆಣ್ಣುಮಕ್ಕಳಿಗೆ ಶಿಶುಪಾಲನೆಯ ತರಬೇತಿ ಕೊಡಿಸುವ ಕೆಲಸವನ್ನು ನಮ್ಮ ಸಂಘ ಕೈಗೆತ್ತಿಕೊಳ್ಳಲಿ. ಅವರಿಗೆ ಗೌರವದ ದುಡಿಮೆ ಸಿಗುತ್ತದೆ, ಆ ಐದನೇ ತರಗತಿಯ ಹುಡುಗಿಗೆ ಅವಳ ಬೆಂಚು ಸಿಗುತ್ತದೆ.