ಹವಳದ ಗುಣಮಟ್ಟ: ಗಾಜಿನ ತೊಟ್ಟಿಯಿಂದ ಕಡಲಿನವರೆಗೆ

(ಬಳಗದ ಸಭೆಯಲ್ಲಿ ಮಂಡಿಸಿದ ಉಪನ್ಯಾಸದ ಪಾಠ)



ಮಲೆನಾಡಿನವರಿಗೆ ಉಪ್ಪಾಗೆಯ ಕಥೆ ಹೊಸದಲ್ಲ. ವ್ಯಾಪಾರಿಯು ಒಣಗಿದ ಸಿಪ್ಪೆಯ ಬಣ್ಣ ನೋಡುತ್ತಾನೆ, ತೇವ ನೋಡುತ್ತಾನೆ, ದರ ಕಟ್ಟುತ್ತಾನೆ. ಹಣ್ಣು ಬಲಿತ ಮೇಲೆ ಆಯ್ದದ್ದೋ, ಪೈಪೋಟಿಗೆ ಬಿದ್ದು ಕೊಂಬೆ ಕಡಿದು ಎಳೆಗಾಯಿ ಇಳಿಸಿದ್ದೋ ಎಂಬ ಪ್ರಶ್ನೆ ತಕ್ಕಡಿಯ ಮುಂದೆ ಏಳುವುದೇ ಇಲ್ಲ. ಸರಕಿಗೆ ಗುಣಮಟ್ಟವಿದೆ, ಸರಕು ಬಂದ ದಾರಿಗೆ ಇಲ್ಲ. ಘಟ್ಟದಿಂದ ಬಹುದೂರ ನಡೆಯುವ ಇನ್ನೊಂದು ವ್ಯಾಪಾರವೂ ಇದೇ ಪ್ರಶ್ನೆಯನ್ನು ಎದುರಿಸುತ್ತಿದೆ. ಅದು ಅಕ್ವೇರಿಯಂ ಹವ್ಯಾಸಿಗಳಿಗಾಗಿ ನಡೆಯುವ ಜೀವಂತ ಹವಳದ ವ್ಯಾಪಾರ.

ಹವಳವೆಂದೊಡನೆ ಉಂಗುರದ ಕೆಂಪು ಹರಳು ನೆನಪಾಗುವುದು ಸಹಜ. ಇಲ್ಲಿ ಪ್ರಸ್ತಾಪಿಸುತ್ತಿರುವುದು ಅದಲ್ಲ. ಉಷ್ಣವಲಯದ ಆಳವಿಲ್ಲದ ಕಡಲಿನಲ್ಲಿ ದಿಬ್ಬಗಳನ್ನು ಕಟ್ಟುವ ಕಲ್ಲುಹವಳ. ಪಾಲಿಪ್ ಎಂಬ ಪುಟ್ಟ ಪ್ರಾಣಿಗಳು ಗುಂಪಾಗಿ ಬದುಕುತ್ತ, ತಮ್ಮ ಮೈಯೊಳಗಿನ ಸೂಕ್ಷ್ಮ ಪಾಚಿಯಿಂದ ಆಹಾರ ಪಡೆಯುತ್ತ, ಸುಣ್ಣದ ಗೂಡನ್ನು ಕಟ್ಟುತ್ತವೆ. ಗುಂಡುಬಂಡೆಯಂತೆ ಬೆಳೆಯುವ ಪೋರೈಟಿಸ್‌ನಂಥ ಹವಳ ವರ್ಷಕ್ಕೆ ಸುಮಾರು 1 ಸೆಂ.ಮೀ. ಮಾತ್ರ ಬೆಳೆಯುತ್ತದೆ. ಉಳಿಯ ಒಂದು ಏಟಿಗೆ ಕಳಚಿ ಬರುವ ತುಂಡಿನ ಹಿಂದೆ ಹಲವು ವರ್ಷಗಳ ಬಾಳುವೆ ಇರುತ್ತದೆ.

ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಸಂರಕ್ಷಣಾ ನಿಗಾ ಕೇಂದ್ರವು 2003ರಲ್ಲಿ ಪ್ರಕಟಿಸಿದ ವರದಿಯ ಅಂದಾಜಿನಂತೆ, ಆಗ ಜಗತ್ತಿನಲ್ಲಿ 15ರಿಂದ 20 ಲಕ್ಷ ಜನ ಕಡಲಜೀವಿಗಳ ಅಕ್ವೇರಿಯಂ ಇಟ್ಟುಕೊಂಡಿದ್ದರು. ವರ್ಷಕ್ಕೆ 110ರಿಂದ 120 ಲಕ್ಷ ತುಂಡು ಕಲ್ಲುಹವಳ ಮಾರಾಟವಾಗುತ್ತಿತ್ತು. ಇದರ ಬಹುಪಾಲು ಇಂಡೋನೇಷ್ಯಾದಂಥ ದ್ವೀಪರಾಷ್ಟ್ರಗಳಿಂದ ಹೊರಟು ಅಮೆರಿಕ ಮತ್ತು ಯುರೋಪುಗಳ ಮನೆಗಳಿಗೆ ಸೇರುತ್ತಿತ್ತು.

ಹವ್ಯಾಸಿಗಳಲ್ಲಿ ಗುಣಮಟ್ಟದ ಕಲ್ಪನೆಯೇ ಇಲ್ಲವೆಂದರೆ ಅನ್ಯಾಯವಾದೀತು. ಕಾಲಾಂತರದಲ್ಲಿ ಅವರು ತಮ್ಮದೇ ನಿಯಮಗಳನ್ನು ರೂಢಿಸಿಕೊಂಡಿದ್ದಾರೆ. ದಾಸವಾಳದ ಕಡ್ಡಿ ನೆಟ್ಟು ಗಿಡ ಮಾಡುವಂತೆ, ತಾಯಿಹವಳದಿಂದ ತುಂಡು ಕತ್ತರಿಸಿ ಸಿಮೆಂಟಿನ ಬಿಲ್ಲೆಗೆ ಅಂಟಿಸಿ ಬೆಳೆಸುತ್ತಾರೆ. ಕತ್ತರಿಸಿದ ಗಾಯ ಮಾಯುವ ಮೊದಲು ಮಾರಬಾರದು. ನೀಲಿ ದೀಪದಡಿ ಚಿತ್ರ ತೆಗೆದು ಇಲ್ಲದ ಬಣ್ಣ ತೋರಿಸಬಾರದು. ಕೀಟವಿಲ್ಲದ ಹವಳವನ್ನೇ ಕೊಡಬೇಕು. ಕೊಂಡವನೂ ಅದನ್ನು ಔಷಧಿಯ ನೀರಿನಲ್ಲಿ ಅದ್ದಿ, ಕೆಲವು ವಾರ ಬೇರೆ ತೊಟ್ಟಿಯಲ್ಲಿ ಇಟ್ಟು ನೋಡಬೇಕು. ಏಕೆಂದರೆ ಅಕ್ರೊಪೋರ ಜಾತಿಯ ಹವಳವನ್ನು ತಿನ್ನುವ ಚಪ್ಪಟೆಹುಳುವಿನ ಮೊಟ್ಟೆಗಳು ಒಂದು ಬಾರಿಯ ಅದ್ದುವಿಕೆಗೆ ಸಾಯುವುದಿಲ್ಲ. ಹುಳು ಸತ್ತಿತೆಂದು ನಂಬಿದವನ ತೊಟ್ಟಿಯಲ್ಲಿಯೇ ಅವು ಒಡೆಯುತ್ತವೆ.

ಈ ನಿಯಮಗಳು ಉಪಯುಕ್ತ. ಆದರೆ ಇವು ಕಾಯುವುದು ಯಾರನ್ನು? ಕೊಳ್ಳುವವನ ಹಣವನ್ನು ಮತ್ತು ಅವನ ತೊಟ್ಟಿಯನ್ನು. ಬಣ್ಣ ಸುಂದರ, ಗಾಯ ಮಾಯ್ದಿದೆ, ಕೀಟವಿಲ್ಲ ಎಂಬ ಮೂರು ಪರೀಕ್ಷೆಗಳಲ್ಲಿ ಗೆದ್ದ ಹವಳವು ನಿನ್ನೆ ಮೊನ್ನೆ ದಿಬ್ಬದಿಂದ ಕಿತ್ತದ್ದೂ ಆಗಿರಬಹುದು. ಅದರ ಜೊತೆ ಹೊರಟು ದಾರಿಯಲ್ಲಿ ಸತ್ತ ತುಂಡುಗಳು ಗಿರಾಕಿಯ ಕಣ್ಣಿಗೆ ಬೀಳುವುದಿಲ್ಲ.

ಈ ಕೊರತೆಯನ್ನು ತುಂಬಲು ಒಂದು ದೊಡ್ಡ ಪ್ರಯತ್ನ ನಡೆದಿತ್ತು. 1998ರಲ್ಲಿ ಸ್ಥಾಪನೆಯಾದ ಮರೈನ್ ಅಕ್ವೇರಿಯಂ ಕೌನ್ಸಿಲ್, 2001ರಲ್ಲಿ ಪ್ರಮಾಣೀಕರಣದ ಮಾನದಂಡಗಳನ್ನು ಹೊರತಂದಿತು. ದಿಬ್ಬದ ನಿರ್ವಹಣೆ, ಸಂಗ್ರಹಿಸುವ ವಿಧಾನ, ಸಾಗಣೆ ಮತ್ತು ಆರೈಕೆ ಈ ಎಲ್ಲವೂ ಅದರ ವ್ಯಾಪ್ತಿಗೆ ಬಂದವು. ವ್ಯಾಪಾರದ ಸರಪಳಿಯ ಪ್ರತಿ ಕೊಂಡಿಯಲ್ಲಿಯೂ ಬರುವಾಗ ಸಾಯುವುದು ನೂರಕ್ಕೆ 1ನ್ನು, ಬಂದ ನಂತರ ಸಾಯುವುದು ನೂರಕ್ಕೆ 1ನ್ನು ಮೀರಬಾರದೆಂದು ವಿಧಿಸಲಾಯಿತು. ಗುಣಮಟ್ಟವೆಂಬ ಪದವು ಮೊದಲ ಬಾರಿಗೆ ತೊಟ್ಟಿಯಿಂದ ಹಿಂದಕ್ಕೆ, ಕಡಲಿನವರೆಗೆ ನಡೆಯಿತು. ಫಿಲಿಪ್ಪೀನ್ಸ್ ಮತ್ತು ಫಿಜಿಯ ಕೆಲವರಿಗೆ ಪ್ರಮಾಣಪತ್ರವೂ ದೊರೆಯಿತು. ಆದರೆ ಪ್ರಮಾಣಿತ ಸರಕು ಅಂಗಡಿಗಳಿಗೆ ಸಾಲುವಷ್ಟು ಬರಲಿಲ್ಲ. ಅದಕ್ಕಾಗಿ ಹೆಚ್ಚು ಬೆಲೆ ತೆರುವ ಗಿರಾಕಿಗಳೂ ಸಾಕಷ್ಟು ಸಿಗಲಿಲ್ಲ. ಆ ದಶಕದ ಕೊನೆಯ ವೇಳೆಗೆ ಆ ಯತ್ನ ನಿಂತುಹೋಯಿತು. ಕೇಳುವವನಿಲ್ಲದ ಪ್ರಮಾಣಪತ್ರ ಬರಿಯ ಕಾಗದವೆಂಬುದು ಅದರ ಪಾಠ.

ಕಾನೂನಿನ ಕಾಗದದ ಸ್ಥಿತಿಯೂ ಹೆಚ್ಚು ಭಿನ್ನವಲ್ಲ. ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದವಾದ ಸೈಟಿಸ್‌ನ ಎರಡನೇ ಅನುಬಂಧದಲ್ಲಿ 1990ರಿಂದ ಎಲ್ಲ ಕಲ್ಲುಹವಳಗಳೂ ಸೇರಿವೆ. ರಫ್ತಿಗೆ ಪರವಾನಗಿ ಬೇಕು. ಅದರಲ್ಲಿ ಮೂಲವನ್ನು ಸೂಚಿಸುವ ಒಂದು ಅಕ್ಷರವಿರುತ್ತದೆ. ಕಡಲಿನದಕ್ಕೆ ಒಂದಕ್ಷರ, ಸಾಕಿ ಬೆಳೆಸಿದ್ದಕ್ಕೆ ಇನ್ನೊಂದು. ಕಾಡುಹವಳದ ತುಂಡನ್ನು ಬಿಲ್ಲೆಗೆ ಅಂಟಿಸಿ ಸಾಕಿದ್ದೆಂದು ಕಳುಹಿಸಿದರೆ ಬಂದರಿನ ತಪಾಸಣಾಧಿಕಾರಿ ಏನು ಮಾಡಿಯಾನು? ಬಲ್ಲವರಿಗೆ ಒಂದು ಗುರುತಿದೆ. ಬಿಲ್ಲೆಯ ಮೇಲೆಯೇ ತಿಂಗಳುಗಟ್ಟಲೆ ಬೆಳೆದ ಹವಳದ ಬುಡವು ಅಂಟನ್ನು ದಾಟಿ ಸಿಮೆಂಟಿನ ಮೇಲೆ ಹಬ್ಬಿರುತ್ತದೆ. ಮೊನ್ನೆ ಅಂಟಿಸಿದ್ದರಲ್ಲಿ ಅಂಟು ಹಾಗೆಯೇ ಕಾಣುತ್ತದೆ. ಹವ್ಯಾಸಿಯ ಕಣ್ಣು ಕಾನೂನಿಗೆ ನೆರವಾಗಬಲ್ಲ ಸ್ಥಳ ಇದು.

ನಿಷೇಧವೊಂದೇ ಸಾಕೇ ಎಂಬ ಪ್ರಶ್ನೆಗೂ ಅನುಭವ ಉತ್ತರ ಕೊಟ್ಟಿದೆ. 2018ರಲ್ಲಿ ಇಂಡೋನೇಷ್ಯಾ ಹವಳದ ರಫ್ತನ್ನು ನಿಲ್ಲಿಸಿದಾಗ ಕಿತ್ತು ಮಾರುವವರ ಜೊತೆ, ಕಡಲ ಹಾಸಿನಲ್ಲಿ ಹವಳ ಬೆಳೆಸಿ ಮಾರುತ್ತಿದ್ದ ಕರಾವಳಿಯ ಕುಟುಂಬಗಳ ಆದಾಯವೂ ನಿಂತಿತು. 2020ರಲ್ಲಿ ಬೆಳೆಸಿದ ಹವಳಕ್ಕೆ ಮತ್ತೆ ದಾರಿ ತೆರೆಯಿತು. ದಿಬ್ಬ ಉಳಿದರೆ ತಮಗೆ ಅನ್ನ ಎಂದು ಬಲ್ಲ ಕುಟುಂಬಕ್ಕಿಂತ ಒಳ್ಳೆಯ ಕಾವಲುಗಾರ ಸಿಗುವುದು ಕಷ್ಟ. ಕಾಡಿನ ಅಂಚಿನ ಊರುಗಳಿಗೆ ಇದನ್ನು ವಿವರಿಸಬೇಕಾಗಿಲ್ಲ.

ಭಾರತದ ಮಾತು ಬೇರೆ. ಇಲ್ಲಿ 2001ರಿಂದ ಎಲ್ಲ ಕಲ್ಲುಹವಳಗಳೂ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿವೆ. ಹುಲಿಗಿರುವ ರಕ್ಷಣೆಯೇ ಅವಕ್ಕೂ ಇದೆ. ಕಚ್ಛ್, ಮನ್ನಾರ್ ಖಾರಿ, ಲಕ್ಷದ್ವೀಪ, ಅಂಡಮಾನ್ ನಿಕೋಬಾರ್‌ಗಳ ದಿಬ್ಬಗಳಿಗೂ, ಉತ್ತರ ಕನ್ನಡದಲ್ಲಿ ಮುರ್ಡೇಶ್ವರದ ಆಚೆ ಕಡಲಿನಲ್ಲಿರುವ ನೇತ್ರಾಣಿಯ ಸುತ್ತಲಿನ ಹವಳಕ್ಕೂ ಇದು ಅನ್ವಯ. ಆದ್ದರಿಂದ ಈ ಕಡಲಿನ ಕಲ್ಲುಹವಳಕ್ಕೆ ಉತ್ತಮ ಗುಣಮಟ್ಟ, ಕಡಿಮೆ ಗುಣಮಟ್ಟ ಎಂಬ ವಿಂಗಡಣೆಯೇ ಇಲ್ಲ. ಅದನ್ನು ಕೀಳುವುದೂ ಮಾರುವುದೂ ಅಪರಾಧ.

ಅಕ್ವೇರಿಯಂ ವ್ಯಾಪಾರವೇ ಹವಳದ ದೊಡ್ಡ ಶತ್ರುವೆಂದು ಹೇಳುವುದು ಸತ್ಯವಾಗದು. ಕಾಯುತ್ತಿರುವ ಕಡಲು ಅದಕ್ಕಿಂತ ದೊಡ್ಡ ಶತ್ರು. ಬಿಸಿ ಮೀರಿದಾಗ ಹವಳವು ತನ್ನ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ. ನಾಲ್ಕನೇ ಜಾಗತಿಕ ಬಿಳಿಚುವಿಕೆಯನ್ನು ವಿಜ್ಞಾನಿಗಳು 2024ರ ಏಪ್ರಿಲ್‌ನಲ್ಲಿ ದೃಢಪಡಿಸಿದರು. ಆ ವರ್ಷ ಲಕ್ಷದ್ವೀಪದ ದಿಬ್ಬಗಳೂ ಬಿಳಿಚಿದವು. ಆದರೆ ಬರದಲ್ಲಿ ಸೊರಗಿದ ಮರದ ಕೊಂಬೆಯನ್ನು ಕಡಿಯುವುದಕ್ಕೆ ಬರವೇ ಸಮರ್ಥನೆಯಾಗಲಾರದು. ಬಿಸಿಯನ್ನು ತಾಳಿ ಉಳಿದ ಹವಳವೇ ಮುಂದಿನ ದಿಬ್ಬದ ಬೀಜ. ಅದನ್ನು ಕಿತ್ತು ಪೆಟ್ಟಿಗೆಗೆ ತುಂಬುವುದು ಬೀಜದ ಭತ್ತವನ್ನು ಕುಟ್ಟಿ ತಿಂದಂತೆ.

ಹಾಗಾದರೆ ವ್ಯಾಪಾರಕ್ಕೆ ಅವಕಾಶವಿರುವ ನಾಡುಗಳಲ್ಲಿ ನಿಜವಾದ ಗುಣಮಟ್ಟ ಯಾವುದು? ಮೂರು ಪ್ರಶ್ನೆಗಳಲ್ಲಿ ಅದನ್ನು ಅಡಕಗೊಳಿಸಬಹುದು. ಈ ತುಂಡಿನ ತಾಯಿ ಎಲ್ಲಿಯದು, ಎಷ್ಟನೆಯ ತಲೆಮಾರಿನ ಬೆಳೆ? ಇದರೊಡನೆ ಹೊರಟವುಗಳಲ್ಲಿ ದಾರಿಯಲ್ಲಿ ಸತ್ತವು ಎಷ್ಟು? ಮಾರಿದ ಹಣದಲ್ಲಿ ದಿಬ್ಬದ ಪಕ್ಕದಲ್ಲಿ ಬದುಕುವವನ ಕೈ ಸೇರಿದ್ದು ಎಷ್ಟು? ಉತ್ತರ ಸಿಗದ ಕಡೆ ಕೊಳ್ಳದೆ ಬರುವುದೇ ಹವ್ಯಾಸಿಯ ಧರ್ಮ.

ಉಪ್ಪಾಗೆಯ ಸಿಪ್ಪೆ ಕೊಳ್ಳುವವನೂ ಇವೇ ಪ್ರಶ್ನೆಗಳನ್ನು ಕೇಳುವ ದಿನ ಬಂದರೆ ಘಟ್ಟದ ಕೊಂಬೆಗಳೂ ಉಳಿದಾವು.